ಸಮಸಂಖ್ಯೆಯ ಚಂದ್ರ

ಶಿವಮೊಗ್ಗ
೬ ಜನವರಿ ೧೯೮೮, ಬುಧವಾರ

ಪ್ರೀತಿಯ ಮಂಜು,

ಸುಬ್ಬಿಯ ನೆನಪುಗಳು. ನೀನು, ಶಿವರಾಜ್ ಅವರು, ಪುಟ್ಟ ಅಕ್ಷರಾ ಎಲ್ಲರೂ ಆರೋಗ್ಯವಾಗಿದ್ದೀರಿ ಅಂದ್ಕೊಂಡಿದೀನಿ. ನಾವೂ ಇಲ್ಲಿ ಚೆನ್ನಾಗಿದೀವಿ ಅಂತ ಬರೆದು, ಅದನ್ನ ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದೀನಿ. ಅಮ್ಮನ ಮಂಡಿನೋವು ಬಿಟ್ರೆ ಮನೆಯಲ್ಲಿ ಎಲ್ಲರೂ ಚೆನ್ನಾಗೇ ಇದಾರೆ. ನನ್ನ ವಿಷಯ ಮುಂದೆ ಬರುತ್ತೆ.

ತಡವಾಯ್ತು ಅಂತ ಕ್ಷಮೆ ಕೇಳೋಕೂ ಮುಖ ಇಲ್ಲ. ನಿನ್ನ ಎರಡು ಕಾಗದಕ್ಕೆ ಉತ್ತರ ಬರೀಲಿಲ್ಲ. ಮದುವೆಗೆ ಬರಲಿಲ್ಲ. ಅಕ್ಷರಾ ನಾಮಕರಣದ ದಿನ ಜ್ವರ ಅಂತ ಹೇಳಿ ಕಳಿಸಿದೆ. ಜ್ವರ ಇರಲಿಲ್ಲ. ಭದ್ರಾವತಿ ಏನು ದೂರಾನಾ? ಬಸ್ಸಲ್ಲಿ ಕೂತ್ರೆ ಮುಕ್ಕಾಲು ಗಂಟೆ. ಅಷ್ಟು ಹತ್ತಿರ ಇರೋಳಿಗೆ ಕಾಗದ ಬರೀತಿದೀನಿ ಅಂದ್ರೆ, ಎದುರಿಗೆ ಕೂತು ಹೇಳೋ ಧೈರ್ಯ ಇಲ್ಲ ಅಂತ ನಿನಗೆ ಈಗಾಗಲೇ ಗೊತ್ತಾಗಿರುತ್ತೆ.

ಹಾಳೆ ನೋಡಿ ನಗಬೇಡ ಮಾರಾಯ್ತಿ. ಎರಡೂ ಅಂಚಲ್ಲಿ ತೂತು ಇರೋ ಇದು ಪ್ರಿಂಟರಿನ ಹಾಳೆ. ಹಿಂದೆ ಕಳೆದ ವರ್ಷದ ನಕ್ಷತ್ರಗಳ ಪಟ್ಟಿ ಇದೆ. ಪ್ರೆಸ್ಸಿನಲ್ಲಿ ಕೂತು ಬರೀತಿದೀನಿ, ಊಟದ ಹೊತ್ತಲ್ಲಿ. ಕಂಪ್ಯೂಟರ್ ಮೆಷಿನ್ ಇಟ್ಟಿರೋ ರೂಮು ನಿನಗೆ ನೆನಪಿರಬೇಕು. ಹಿಂದಿನ ಕಾಗದದ ಗೋಡೌನು. ಆಗ ಒಂದು ಕಿಟಕಿ ಇತ್ತು, ಅದರಾಚೆ ಪಕ್ಕದ ಮನೆ ನುಗ್ಗೆಮರ ಕಾಣ್ತಿತ್ತು. ಈಗ ಇಲ್ಲ. ಧೂಳು ಬರುತ್ತೆ ಅಂತ ಇಟ್ಟಿಗೆ ಇಟ್ಟು ಮುಚ್ಚಿಸಿ, ಮೇಲೆ ಏರ್ ಕಂಡೀಷನರ್ ಕೂರಿಸಿದಾರೆ. ನಮ್ಮ ಯಜಮಾನರು ಶಿವಮೂರ್ತಪ್ಪನೋರು ಊಟಕ್ಕೆ ಹೋಗುವಾಗ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ ಹೋಗ್ತಾರೆ. ಅಚ್ಚಿನ ಮೊಳೆ ಜೋಡಿಸೋರು ಯಾರಾದ್ರೂ ಮಸಿ ಕೈಯಲ್ಲಿ ಬಂದು ಮುಟ್ಟಿಬಿಡ್ತಾರೆ ಅನ್ನೋ ಭಯ ಅವರಿಗೆ. "ಒಳಗೆ ನಾನಿರ್ತೀನಲ್ಲ ಸಾರ್" ಅಂತ ಮೊದಲನೇ ದಿನ ಕೇಳಿದ್ದೆ. "ಅದಕ್ಕೇನಮ್ಮ, ನೀನು ಡಬ್ಬಿ ತಂದಿರ್ತೀಯಲ್ಲ" ಅಂದ್ರು. ಕೋಪದಿಂದ ಹೇಳಿದ್ದಲ್ಲ, ಕಾಳಜಿಯಿಂದಲೇ. ಒಂದರಿಂದ ಎರಡೂವರೆವರೆಗೆ ನಾನು ಒಳಗೆ. ಎರಡೂವರೆ ವರ್ಷದಿಂದ ಹೀಗೆ.

ನಿನಗೆ ಗೊತ್ತಿರೋದನ್ನೇ ಒಂದು ಸಲ ಮತ್ತೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ನೋಡಿದ್ದು ನಿನ್ನ ಕುರ್ಚಿಯಿಂದ. ನಾನು ನಿಂತಿದ್ದು ನಿನ್ನ ಹಿಂದೆ.

ನಾವಿಬ್ಬರೂ ಬಿ.ಎಸ್ಸಿ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡ್ಕೊಂಡು, ಒಂದೇ ಅರ್ಜಿ ಹಾಳೆಯ ಎರಡು ಪ್ರತಿ ತೆಗೆಸಿ ಈ ಪ್ರೆಸ್ಸಿಗೆ ಬಂದಿದ್ವಿ. ಶಿವಮೂರ್ತಪ್ಪನೋರಿಗೆ ಪಂಚಾಂಗ ಕಂಪ್ಯೂಟರಿನಲ್ಲಿ ಮಾಡಿಸಬೇಕು ಅನ್ನೋ ಹುಚ್ಚು ಹಿಡಿದಿತ್ತು. ಮೆಷಿನ್ ಬಂತು. ಅದರ ಜೊತೆ ಬಂದಿದ್ದ ಸಾದಾ ಬೇಸಿಕ್ ಭಾಷೆ, ನಾವು ಬರೆದ ಪ್ರೋಗ್ರಾಮಿನ ಒಂದೊಂದೇ ಸಾಲು ಓದಿ, ಅರ್ಥ ಮಾಡ್ಕೊಂಡು, ನಡೆಸ್ತಿತ್ತು. ವರ್ಷದ ಪಂಚಾಂಗಕ್ಕೆ ಎರಡು ದಿನ ಬೇಕು, ಮಧ್ಯ ಕರೆಂಟು ಹೋದ್ರೆ ಮೊದಲಿಂದ. ಅದಕ್ಕೇ ಕಂಪೈಲರ್ ಬೇಕು ಅಂತಾಯ್ತು: ಬರೆದದ್ದನ್ನೆಲ್ಲ ಒಂದೇ ಸಲ ಯಂತ್ರದ ಭಾಷೆಗೆ ತಿರುಗಿಸಿ ಇಡೋದು, ಆಮೇಲೆ ಓಡೋದೊಂದೇ ಕೆಲಸ. ಮೆಷಿನ್ ಮಾರಿದೋರು ಎರಡು ಫ್ಲಾಪಿ ಕೊಟ್ಟು ಹೋದ್ರು. ಒಂದರಲ್ಲಿ ಬೇಸಿಕ್ ಕಂಪೈಲರ್, ಇನ್ನೊಂದರಲ್ಲಿ ಪ್ಯಾಸ್ಕಲ್. ಹದಿನೈದು ದಿನ ನೋಡಿ, ಒಂದು ಇಟ್ಕೊಂಡು ಇನ್ನೊಂದು ವಾಪಸ್ ಕಳಿಸಬೇಕು. ಕೆಲಸವೂ ಒಂದೇ. ಯಾರ ಕಂಪೈಲರ್ ಉಳಿಯುತ್ತೋ ಅವಳು ಉಳೀತಾಳೆ ಅಂತ ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಆದ್ರೆ ಇಬ್ಬರಿಗೂ ಗೊತ್ತಿತ್ತು.

ನೀನು ಬೇಸಿಕ್ ತಗೊಂಡೆ, ನಿನಗದು ನೀರು ಕುಡಿದಷ್ಟು ಸಲೀಸು. ನಾನು ಪ್ಯಾಸ್ಕಲ್ ತಗೊಂಡೆ. ಅದರಲ್ಲಿ ಶಿಸ್ತಿದೆ, ತಪ್ಪು ಮಾಡೋಕೆ ಬಿಡೋದಿಲ್ಲ ಅಂತೆಲ್ಲ ನಿನ್ನ ಹತ್ರ ಹೇಳಿದ್ದೆ. ಅದೂ ನಿಜವೇ. ಆದ್ರೆ ಊರಲ್ಲಿ ಬೇರೆ ಯಾರಿಗೂ ಅದು ಬರೋದಿಲ್ಲ ಅನ್ನೋದು ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗಿತ್ತು.

ಪ್ರೆಸ್ಸಿಗೆ ಮೂವತ್ತು ವರ್ಷದಿಂದ ಪಂಚಾಂಗ ಗಣಿತ ಮಾಡಿಕೊಡ್ತಿರೋ ಯಜ್ಞನಾರಾಯಣ ಜೋಯಿಸರು ನಮಗೆ ಲೆಕ್ಕ ಕೊಟ್ರು. ಅವರು ಕೈಯಲ್ಲಿ ಮಾಡಿಟ್ಟಿದ್ದ ಹಿಂದಿನ ವರ್ಷದ ಕಾರ್ತಿಕ ಮಾಸ. ಮೂವತ್ತು ತಿಥಿ, ಒಂದೊಂದೂ ಎಷ್ಟು ಘಳಿಗೆ ಎಷ್ಟು ವಿಘಳಿಗೆಗೆ ಮುಗಿಯುತ್ತೆ ಅಂತ ತೆಗೀಬೇಕು. ನನ್ನ ಪಟ್ಟಿ ಅವರದಕ್ಕೆ ಒಂದೆರಡು ವಿಘಳಿಗೆ, ಅಂದ್ರೆ ಅರ್ಧ ಮುಕ್ಕಾಲು ನಿಮಿಷದ, ವ್ಯತ್ಯಾಸದಲ್ಲಿ ಹೊಂದಿತು. ನಿನ್ನದು ಒಂದು ದಿನ ಐದು ಘಳಿಗೆ ಹಿಂದೆ, ಒಂದು ದಿನ ಆರು ಘಳಿಗೆ, ಎರಡು ಗಂಟೆಗೂ ಮೇಲೆ, ಮುಂದೆ. ಏಕಾದಶಿಯೊಂದು ಹಿಂದಿನ ದಿನಕ್ಕೇ ಸರಿದುಬಿಟ್ಟಿತ್ತು. "ಜನ ಉಪವಾಸ ಮಾಡೋ ದಿನಾನೇ ತಪ್ಪಿಸಿತಲ್ಲಮ್ಮ ಈ ಬೇಸಿಕ್ಕು" ಅಂತ ಶಿವಮೂರ್ತಪ್ಪನೋರು ನಕ್ಕರು. ನೀನು ನಗಲಿಲ್ಲ. ಪಟ್ಟಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಬೆರಳಾಡಿಸ್ತಿದ್ದೆ.

ಮಂಜು, ನನಗೆ ಗೊತ್ತಿತ್ತು.

ಪರದೆ ಮೇಲೆ ನಿನ್ನ ಪ್ರೋಗ್ರಾಂ ಇತ್ತು. ಬೇಸಿಕ್ಕಿನಲ್ಲಿ ಒಂದು ಹೆಸರಿನ ಕೊನೆಗೆ # ಗುರುತು ಹಾಕಿದ್ರೆ ಮೆಷಿನ್ ಆ ಸಂಖ್ಯೆಯ ಹದಿನಾರು ಅಂಕಿ ಇಟ್ಕೊಳ್ಳುತ್ತೆ. ಹಾಕದೇ ಇದ್ರೆ ಏಳೇ ಅಂಕಿ, ಉಳಿದದ್ದನ್ನ ಹೇಳದೇ ಕೇಳದೇ ಬಿಸಾಡುತ್ತೆ. ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಸೂರ್ಯನ ಲೆಕ್ಕದಲ್ಲೆಲ್ಲ ನೀನು ಗುರುತು ಹಾಕಿದ್ದೆ. ಚಂದ್ರನ ದಿನಗತಿ ಬರೆದ ಸಾಲು ೧೪೦, ಅದನ್ನ ಬಳಸಿದ ಸಾಲು ೧೫೦, ಈ ಎರಡರಲ್ಲಿ ಮರೆತಿದ್ದೆ. ಕಲಿಯುಗದ ಆರಂಭದಿಂದ ಎಣಿಸಿದ ಹದಿನೆಂಟು ಲಕ್ಷ ದಿನವನ್ನ ಆ ಗತಿಯಿಂದ ಗುಣಿಸ್ತಿದ್ವಿ. ಏಳು ಅಂಕಿಯಲ್ಲಿ ಅದು ಎಲ್ಲಿ ಹಿಡಿಸುತ್ತೆ? ನಿನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಾಗ ಮೊದಲು ಕಂಡಿದ್ದೇ ಅದು. ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಿವಮೂರ್ತಪ್ಪನೋರು ನನ್ನ ಕಡೆ ತಿರುಗಿ "ಹಾಗಾದ್ರೆ ಪ್ಯಾಸ್ಕಲ್ಲೇ ಸೈ" ಅಂದ್ರು. ನಾನು ಬಾಯಿ ಮುಚ್ಕೊಂಡೆ.

ಆಗ ಮನೆಯಲ್ಲಿ ನನಗೆ ಗಂಡು ನೋಡ್ತಿದ್ರು. ಕೆಲಸ ಸಿಕ್ಕಿದ್ರೆ ಅದು ಒಂದು ವರ್ಷ ಮುಂದಕ್ಕೆ ಹೋಗುತ್ತೆ ಅನ್ನೋ ಆಸೆ. ಅದಕ್ಕಿಂತಲೂ ಆ ಮೆಷಿನ್ ಮುಂದೆ ಕೂತಾಗ ನನಗೆ ಬೇರೆ ಏನೂ ಬೇಡ ಅನ್ನಿಸ್ತಿತ್ತು. ನಿನಗೂ ಹಾಗೇ ಅನ್ನಿಸ್ತಿತ್ತು, ಗೊತ್ತು. ನಿಮ್ಮ ತಂದೆ ಕಾರ್ಖಾನೆಯಿಂದ ಮನೆಗೆ ಬಂದು ಕೂತಿದ್ರು, ಕೆಲಸ ನನಗಿಂತ ನಿನಗೇ ಬೇಕಿತ್ತು, ಅದೂ ಗೊತ್ತಿತ್ತು.

ಹೊರಗೆ ಚಪ್ಪಲಿ ಸದ್ದು. ಚಿಲಕ ತೆಗೀತಿದಾರೆ. ಉಳಿದದ್ದು ಆಮೇಲೆ.

೧೦ ಜನವರಿ, ಭಾನುವಾರ, ಮನೆಯಲ್ಲಿ

ಅಮ್ಮ ಅಂಗಳದಲ್ಲಿ ಕೂತು ಸಂಕ್ರಾಂತಿಗೆ ಕೊಬ್ಬರಿ ಹೆಚ್ತಿದಾಳೆ. ಯಾರಿಗೆ ಕಾಗದ ಅಂತ ಕೇಳಿದ್ಲು. ಮಂಜುಗೆ ಅಂದೆ. "ಅಂತೂ ಬರೆದ್ಯಲ್ಲ" ಅಂದು ಮತ್ತೆ ಕೊಬ್ಬರಿ ಕೈಗೆತ್ಕೊಂಡ್ಲು.

ಇಷ್ಟು ದಿನ ಇಲ್ಲದ್ದು ಈಗ ಯಾಕೆ ಅಂತ ನೀನು ಕೇಳ್ತೀಯ. ಕಳೆದ ಸೋಮವಾರ ಹೀಗಾಯ್ತು.

ಜೋಯಿಸರಿಗೆ ಈಗ ಎಪ್ಪತ್ತೆರಡು. ನನ್ನ ಮೆಷಿನ್ ಲೆಕ್ಕ ಬಂದ ಮೇಲೆ ಅವರಿಗೆ ಅಷ್ಟೇನೂ ಕೆಲಸ ಇಲ್ಲ. ಆದ್ರೂ ದಿನಾ ಹತ್ತು ಗಂಟೆಗೆ ಬಂದು, ಚಪ್ಪಲಿ ಹೊರಗಿಟ್ಟು, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಪಟ್ಟಿಯಿಂದ ಅಲ್ಲೊಂದು ಇಲ್ಲೊಂದು ತಿಥಿ ಆರಿಸಿ ಕೈಯಲ್ಲಿ ತಾಳೆ ನೋಡ್ತಾರೆ. ಕೈಲೆಕ್ಕಕ್ಕೆ ನಮ್ಮ ಹಳೇ ಪ್ರಿಂಟರ್ ಹಾಳೆಯ ಹಿಂಬದಿ ಬಳಸ್ತಾರೆ, ಮನೆಗೂ ಒಂದು ಕಟ್ಟು ಒಯ್ದಿದ್ರು. ಸೋಮವಾರ ಬಂದೋರು ಕೂರಲೇ ಇಲ್ಲ. ಒಂದು ಹಾಳೆ ನನ್ನ ಮುಂದೆ ಹರವಿ "ಇದು ಯಾರದ್ದು ಮಗೂ?" ಅಂದ್ರು.

ನೋಡಿದ ತಕ್ಷಣ ಗೊತ್ತಾಯ್ತು. ನಿನ್ನ ಕಾರ್ತಿಕ ಮಾಸ.

"ಮಂಜುಶ್ರೀದು" ಅಂದೆ. "ಅವತ್ತು ತಪ್ಪು ಬಂದಿತ್ತಲ್ಲ."

"ತಪ್ಪು ಬಂದಿತ್ತು. ಆದರೆ ಈ ಹುಡುಗಿ ತಪ್ಪು ಮಾಡಿಲ್ಲ." ಬೆರಳಿಟ್ಟು ತೋರಿಸಿದ್ರು. "ಸೂರ್ಯನ ಸಾಲು ನೋಡು. ವಿಕಲೆ ತನಕ ನನ್ನದಕ್ಕೆ ಕೂಡುತ್ತೆ. ಈಗ ಮಧ್ಯಮ ಚಂದ್ರನ ಸಾಲು ನೋಡು. ಇನ್ನೂರ ಹದಿನಾಲ್ಕು ಭಾಗೆ, ನೀವು ಡಿಗ್ರಿ ಅಂತೀರಲ್ಲ, ಅದು. ಇನ್ನೂರ ಇಪ್ಪತ್ತೆಂಟು. ಇನ್ನೂರ ನಲವತ್ತು. ಭಾಗೆಯ ಕೆಳಗಿನ ಕಲೆ ಎಲ್ಲಿ? ಕಲೆಯ ಕೆಳಗಿನ ವಿಕಲೆ ಎಲ್ಲಿ? ಮೂವತ್ತು ದಿನದಲ್ಲಿ ಒಂದಾದರೂ ಬೆಸಸಂಖ್ಯೆ ಬೇಡವೇ? ಎಲ್ಲ ಸಮ. ಒಂದು ದಿನ ಹದಿನಾಲ್ಕು ಭಾಗೆ ನಡೀತಾನೆ, ಮಾರನೇ ದಿನ ಹನ್ನೆರಡು. ಚಂದ್ರ ಹೀಗೆ ಕುಂಟಿಕೊಂಡು ನಡೆಯೋದನ್ನ ನಾನಂತೂ ನೋಡಿಲ್ಲ."

ಅವರಿಗೆ ಕಂಪ್ಯೂಟರಿನ ಗಂಧವೇ ಇಲ್ಲ ಮಂಜು. ಸ್ವಿಚ್ ಯಾವ ಕಡೆ ಒತ್ತಬೇಕು ಅಂತಾನೂ ಗೊತ್ತಿಲ್ಲ. ಬರೀ ಅಂಕಿಗಳ ನಡಿಗೆ ನೋಡಿ ಹಿಡಿದುಬಿಟ್ಟಿದ್ರು.

"ಕ್ರಮದಲ್ಲಿ ದೋಷ ಇಲ್ಲ," ಅಂದ್ರು. "ಸಂಖ್ಯೆಯ ಬಾಲ ಕತ್ತರಿಸಿ ಹೋಗಿದೆ. ಅವತ್ತು ನಾನು ಕೊನೆಯ ಪಟ್ಟಿ ಮಾತ್ರ ನೋಡಿದೆ, ಈ ಸಾಲು ನೋಡಲಿಲ್ಲ. ನನ್ನದೂ ಅವಿವೇಕ. ಅದಿರಲಿ. ನೀನು ಈ ವಿದ್ಯೆ ಬಲ್ಲವಳು. ನಿನಗೆ ಅವತ್ತು ಕಾಣಲಿಲ್ಲವೇ?"

"ಇಲ್ಲ" ಅಂದೆ.

ನನ್ನ ಮುಖ ಒಂದು ಕ್ಷಣ ನೋಡಿದ್ರು. ಹಾಳೆ ಮಡಚಿ ಜೋಳಿಗೆಯಲ್ಲಿಟ್ಕೊಂಡು ಸ್ಟೂಲಿನ ಮೇಲೆ ಕೂತು, ಅವತ್ತಿನ ತಿಥಿ ತಾಳೆ ನೋಡೋಕೆ ಶುರು ಮಾಡಿದ್ರು. ಮತ್ತೆ ಅದರ ಮಾತೇ ಎತ್ತಲಿಲ್ಲ. ಮಂಗಳವಾರವೂ ಎತ್ತಲಿಲ್ಲ. ಬುಧವಾರ ನಾನು ಈ ಕಾಗದ ಶುರು ಮಾಡಿದೆ.

ಗುರುವಾರ ಊಟದ ಹೊತ್ತಲ್ಲಿ, ಚಿಲಕ ಬಿದ್ದ ಮೇಲೆ, ಜೋಯಿಸರಿಂದ ಕೇಳಿ ಇಸ್ಕೊಂಡಿದ್ದ ನಿನ್ನ ಹಾಳೆಗಳನ್ನ (ಆ ಕಟ್ಟಿನಲ್ಲೇ ನಿನ್ನ ಪ್ರೋಗ್ರಾಮಿನ ಪ್ರಿಂಟೂ ಇತ್ತು) ಎದುರಿಗಿಟ್ಟು ನಿನ್ನ ಪ್ರೋಗ್ರಾಂ ಪೂರ್ತಿ ಟೈಪ್ ಮಾಡಿದೆ. ಬೇಸಿಕ್ ಕಂಪೈಲರ್ ವಾಪಸ್ ಹೋಗಿ ಯಾವ ಕಾಲವಾಯ್ತೋ. ಮೆಷಿನ್ ಜೊತೆ ಬಂದ ಸಾದಾ ಬೇಸಿಕ್ ಇದೆಯಲ್ಲ, ಅದರಲ್ಲೇ. ನೂರಾ ಹನ್ನೆರಡು ಸಾಲು. ಟೈಪ್ ಮಾಡ್ತಾ ಮಾಡ್ತಾ ನಿನ್ನ ಕೈಬರಹ ಓದಿದ ಹಾಗಾಯ್ತು. ನಾನು ಮೂರು ಪುಟದಲ್ಲಿ ಮಾಡಿದ್ದನ್ನ ನೀನು ಒಂದೂವರೆ ಪುಟದಲ್ಲಿ ಮುಗಿಸಿದ್ದೆ. ಜ್ಯಾಕೋಷ್ಟಕದ, ನಮ್ಮ ಸೈನ್ ಟೇಬಲ್ಲಿನ, ಮಧ್ಯದ ಬೆಲೆ ತೆಗೆಯೋಕೆ ನೀನು ಹಿಡಿದ ದಾರಿ ನನಗೆ ಅಲ್ಲಿವರೆಗೂ ಹೊಳೆದಿರಲಿಲ್ಲ. ೧೪೦ ಮತ್ತು ೧೫೦ಕ್ಕೆ ಗುರುತು ಹಾಕಿ ಓಡಿಸಿದೆ. ಇಪ್ಪತ್ತು ನಿಮಿಷ ತಗೊಳ್ತು. ಅಷ್ಟು ಹೊತ್ತೂ ಕೈಕಟ್ಟಿ ಕೂತಿದ್ದೆ. ಪ್ರಿಂಟರ್ ಕರಕರ ಅಂತ ಒಂದೊಂದೇ ತಿಥಿ ಹೊರಗೆ ಹಾಕ್ತು.

ಮೂವತ್ತರಲ್ಲಿ ಇಪ್ಪತ್ತೊಂಬತ್ತು ಜೋಯಿಸರ ಕೈಲೆಕ್ಕಕ್ಕೆ ವಿಘಳಿಗೆ ಕೂಡ ವ್ಯತ್ಯಾಸ ಇಲ್ಲದ ಹಾಗೆ ಕೂಡಿತ್ತು. ಒಂದರಲ್ಲಿ ಒಂದೇ ವಿಘಳಿಗೆ. ನನ್ನದಕ್ಕಿಂತ ನಿನ್ನದು ಹತ್ತಿರ ಇತ್ತು ಮಂಜು.

ಅವತ್ತು ಸಂಜೆ ಪ್ರೆಸ್ಸಿಂದ ಸೀದಾ ಜೋಯಿಸರ ಮನೆಗೆ ಹೋದೆ. ಜಗಲಿ ಮೇಲೆ ಕೂತು ದರ್ಭೆ ಬಿಡಿಸ್ತಿದ್ರು. ಹಾಳೆ ಕೊಟ್ಟೆ. "ಸೋಮವಾರ ಸುಳ್ಳು ಹೇಳಿದೆ. ಅವತ್ತೇ ಕಂಡಿತ್ತು ನನಗೆ" ಅಂದೆ.

ಅವರು ಬೈಲಿಲ್ಲ. ಪಟ್ಟಿ ಪೂರ್ತಿ ಓದಿದ್ರು. ಒಂದು ವಿಘಳಿಗೆ ವ್ಯತ್ಯಾಸ ಇದ್ದ ಕಡೆ ನಿಂತು, ಮನಸ್ಸಲ್ಲೇ ಕೂಡಿ ಕಳೆದು, "ಇಲ್ಲಿ ಅವಳದ್ದೇ ಸರಿ. ನಾನು ಶೇಷ ಬಿಟ್ಟಿದ್ದೆ" ಅಂದ್ರು. ಆಮೇಲೆ ನನ್ನ ಕಡೆ ನೋಡದೇ ಹೇಳಿದ್ರು: "ಗಣಿತದಲ್ಲಿ ತಪ್ಪಿದರೆ ಮತ್ತೆ ಮಾಡಬಹುದು. ಬರೋ ಸೋಮವಾರ ಯಜಮಾನರ ಹತ್ತಿರ ನಾನೂ ಬರ್ತೀನಿ. ನೀನೇ ಹೇಳಬೇಕು."

ನಾಳೆ ಆ ಸೋಮವಾರ. ನಿದ್ದೆ ಬರೋ ಹಾಗೆ ಕಾಣಲ್ಲ.

೧೩ ಜನವರಿ, ಬುಧವಾರ

ಮತ್ತೆ ಪ್ರೆಸ್ಸು, ಮತ್ತೆ ಊಟದ ಹೊತ್ತು.

ಸೋಮವಾರ ನಡೆದದ್ದನ್ನ ಅವತ್ತೇ ಬರೆದು ಕಳಿಸಬೇಕಿತ್ತು. ಬರೆದೆ ಕೂಡ. ಅದು ಬೇರೆ ಕಾಗದ. ಅದರ ವಿಷಯವನ್ನೂ ಹೇಳ್ತೀನಿ.

ಶಿವಮೂರ್ತಪ್ಪನೋರು ಮುಂದಿನ ಮೇಜಿನಲ್ಲಿ ವಿಭವ ಸಂವತ್ಸರದ ಪಂಚಾಂಗದ ಪ್ರೂಫ್ ನೋಡ್ತಿದ್ರು. ಮೊದಲ ಎಂಟು ಫಾರಂ ಅಚ್ಚಾಗಿದೆ. ಜೋಯಿಸರು ಎದುರಿನ ಕುರ್ಚಿಯಲ್ಲಿ ಕೂತ್ರು, ನಾನು ನಿಂತೇ ಇದ್ದೆ. ಎಲ್ಲ ಹೇಳಿದೆ. ಗುರುತು, ಸಾಲು ೧೪೦, ನಾನು ಸುಮ್ಮನಿದ್ದದ್ದು, ನಿನ್ನ ಪಟ್ಟಿ ನನ್ನದಕ್ಕಿಂತ ಚೆನ್ನಾಗಿರೋದು. ಕೆಲಸದಿಂದ ತೆಗೀತಾರೆ ಅಂತ ಗಟ್ಟಿ ಮಾಡ್ಕೊಂಡೇ ಹೋಗಿದ್ದೆ. ಒಳಗೊಳಗೇ ತೆಗೆದ್ರೆ ಸಾಕು ಅಂತಲೂ ಇತ್ತು.

ಅವರು ಕನ್ನಡಕ ತೆಗೆದು ಒರೆಸಿಕೊಂಡ್ರು. "ಅಷ್ಟೇನಾ?" ಅಂದ್ರು.

"ಏನು ಹೀಗಂತೀರಿ ಶಿವಮೂರ್ತಪ್ಪನೋರೇ?" ಅಂತ ಜೋಯಿಸರು ಸ್ವಲ್ಪ ಗಟ್ಟಿಯಾಗೇ ಕೇಳಿದ್ರು. "ಆ ಮಗುವಿಗೆ ಅನ್ಯಾಯ ಆಗಿದೆ."

"ಜೋಯಿಸರೇ, ನಿಮ್ಮ ಹತ್ರ ಮುಚ್ಚಿಡೋದೇನು. ಆ ಪರೀಕ್ಷೆ ಇಟ್ಟಿದ್ದೇ ನಿಮ್ಮ ಸಮಾಧಾನಕ್ಕೆ. ಬೇಸಿಕ್ ಬೇಡ ಅಂತ ನಾನು ಅದಕ್ಕೆ ಮುಂಚೆಯೇ ತೀರ್ಮಾನ ಮಾಡಿದ್ದೆ. ದುರ್ಗಿಗುಡಿಯಲ್ಲಿ ಎರಡು ಕಡೆ ಬೇಸಿಕ್ ಕಲಿಸ್ತಾರೆ. ಇವತ್ತು ನನ್ನ ಮೆಷಿನ್ ಮೇಲೆ ಪಂಚಾಂಗ ಮಾಡಿದೋರು ನಾಳೆ ಎದುರು ಪ್ರೆಸ್ಸಿಗೆ ಹೋಗಿ ಅದನ್ನೇ ಮಾಡಿಕೊಡ್ತಾರೆ. ಅವಳ ಪಟ್ಟಿ ಸರಿ ಬಂದಿದ್ರೂ ನಾನು ಪ್ಯಾಸ್ಕಲ್ಲೇ ಇಟ್ಕೊಳ್ತಿದ್ದೆ. ಊರಲ್ಲಿ ಯಾರಿಗೂ ಬಾರದ್ದೊಂದು ಬೇಕಿತ್ತು ನನಗೆ."

ನಾನು ಪ್ಯಾಸ್ಕಲ್ ಆರಿಸಿಕೊಂಡ ಕಾರಣವೂ ಅದೇ ಅಲ್ವಾ ಮಂಜು? ನನ್ನ ಬಾಯಿಂದಲೇ ಬಂದ ಮಾತು ಕೇಳಿದ ಹಾಗಾಯ್ತು.

"ಹಾಗಾದ್ರೆ ನಾನು ಬಿಟ್ಟು ಹೋಗ್ತೀನಿ ಸಾರ್" ಅಂದೆ. ನಿನಗೆ ಹೇಳಿರಲಿಲ್ಲ, ಸಾಗರದ ಹತ್ತಿರ ಹೊಸದಾಗಿ ಶುರುವಾಗ್ತಾ ಇರೋ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡೋಕೆ ಕರೆದಿದಾರೆ. ಇಪ್ಪತ್ತನೇ ತಾರೀಖಿನೊಳಗೆ ಮೂಲ ಮಾರ್ಕ್ಸ್ ಕಾರ್ಡ್ ತೋರಿಸಬೇಕು. ಮಾರ್ಕ್ಸ್ ಕಾರ್ಡ್ ಇರೋದು ಶಿವಮೂರ್ತಪ್ಪನೋರ ಬೀರುವಿನಲ್ಲಿ, ನಾನು ಸಹಿ ಹಾಕಿದ ಕರಾರುಪತ್ರದ ಜೊತೆ. ಇನ್ನೂ ಎರಡೂವರೆ ವರ್ಷ ಇದೆ ಅದಕ್ಕೆ.

"ಎಲ್ಲಿಗೆ ಹೋಗ್ತೀಯಮ್ಮ?" ಅಂದ್ರು. ಕೇಳಿದ್ದು ನಿಜವಾಗ್ಲೂ ಮೆತ್ತಗೆ. "ನೀನು ಹೋದ್ರೆ ಈ ಪ್ರೋಗ್ರಾಂ ಯಾರು ತೆಗೆದು ನೋಡ್ತಾರೆ? ಜ್ಯೇಷ್ಠ ಅಧಿಕಮಾಸ ಬಂದಿದೆ ಈ ವರ್ಷ, ಒಂದು ಕಡೆ ಹೆಚ್ಚುಕಡಿಮೆ ಆದ್ರೆ ಜಿಲ್ಲೆಯ ಮದುವೆಗಳೆಲ್ಲ ನನ್ನ ತಲೆ ಮೇಲೆ. ನಿನಗೆ ಹೋಗಲೇಬೇಕು ಅಂದ್ರೆ ಒಂದು ದಾರಿ ಇದೆ. ನಿನ್ನಷ್ಟೇ ಬಲ್ಲೋಳನ್ನ ಒಬ್ಬಳನ್ನ ತಯಾರು ಮಾಡಿ ಕೂರಿಸು. ಆ ಭದ್ರಾವತಿ ಹುಡುಗಿ ಅಷ್ಟು ಚುರುಕು ಅಂತೀಯಲ್ಲ, ಅವಳನ್ನೇ ಕರಿ. ಕರಾರಿಗೆ ಅವಳು ಸಹಿ ಹಾಕಿದ ದಿನ ನಿನ್ನ ಕಾರ್ಡ್ ನಿನ್ನ ಕೈಗೆ."

ಜೋಯಿಸರು ಎದ್ದು ಹೊರಟುಹೋದ್ರು. ಚಪ್ಪಲಿ ಹಾಕ್ಕೊಳ್ಳುವಾಗ ಅವರ ಕೈ ಗೋಡೆ ಹುಡುಕ್ತಿತ್ತು.

ಅವತ್ತು ಮನೆಗೆ ಹೋಗಿ ನಿನಗೊಂದು ಕಾಗದ ಬರೆದೆ. ಸೊಗಸಾದ ಕಾಗದ. ಮಂಜು, ನಿನ್ನ ಪ್ರೋಗ್ರಾಂ ಸರಿ ಇತ್ತಂತೆ, ಯಜಮಾನರಿಗೆ ಪಶ್ಚಾತ್ತಾಪ ಆಗಿದೆ, ನಿನ್ನ ಜಾಗ ನಿನಗೆ ಕೊಡ್ತಾರಂತೆ, ಬೇಗ ಬಾ, ಪ್ಯಾಸ್ಕಲ್ ನಾನು ಕಲಿಸ್ತೀನಿ. ಒಂದೊಂದು ಸಾಲೂ ಸತ್ಯದ ಹಾಗೆ ಕಾಣ್ತಿತ್ತು. ಕವರಿಗೆ ಹಾಕಿ ಅಂಟಿಸಿ, ಮಂಗಳವಾರ ಬೆಳಿಗ್ಗೆ ಅಂಚೆಪೆಟ್ಟಿಗೆ ತನಕ ಹೋದೆ. ಕೈ ಒಳಗೆ ಹಾಕಿದ್ದೆ ಕೂಡ. ನೀನು ಇದೇ ಸ್ಟೂಲಿನ ಪಕ್ಕ, ಮುಚ್ಚಿದ ಕಿಟಕಿ ಕಡೆ ಮುಖ ಮಾಡಿ ಕೂತಿರೋದು, ಅಕ್ಷರಾ ಭದ್ರಾವತಿಯಲ್ಲಿ ಹಾಲಿಗೆ ಅಳ್ತಿರೋದು, ಹೊರಗೆ ಚಿಲಕ ಬೀಳೋದು ಎಲ್ಲ ಕಣ್ಣಿಗೆ ಕಟ್ಟಿತು. ಕವರ್ ವಾಪಸ್ ತಗೊಂಡು, ಅಲ್ಲೇ ಹರಿದು, ಚರಂಡಿಗೆ ಹಾಕ್ದೆ.

ಎರಡು ಸಲ ನಿನ್ನ ತಲೆ ಮೇಲೆ ಕಾಲಿಟ್ಟು ನಾನು ಮೇಲೆ ಹತ್ತೋದು ಬೇಡ.

ಆದ್ರೆ ನಿನ್ನ ಪರವಾಗಿ ತೀರ್ಮಾನ ಮಾಡೋಕೂ ನಾನ್ಯಾರು? ಕೆಲಸ ಬೇಕು ಅನ್ನಿಸಿದ್ರೆ ಬಾ. ಬರುವಾಗ ಎಲ್ಲ ತಿಳ್ಕೊಂಡು ಬಾ: ಕರಾರು ಐದು ವರ್ಷದ್ದು, ಕಾರ್ಡ್ ಬೀರುವಿಗೆ ಹೋಗುತ್ತೆ, ಪ್ಯಾಸ್ಕಲ್ ಕಲಿತ ಮೇಲೆ ಈ ಜಿಲ್ಲೆಯಲ್ಲಿ ತಟ್ಟೋಕೆ ಇರೋದು ಇದೊಂದೇ ಬಾಗಿಲು. ನನ್ನ ಬಿಡುಗಡೆಗೋಸ್ಕರ ಬರಬೇಡ. ಇಪ್ಪತ್ತನೇ ತಾರೀಖು ಬಂದು ಹೋಗ್ಲಿ. ಸಾಗರಕ್ಕೆ ಬರೋಕಾಗಲ್ಲ ಅಂತ ಇವತ್ತು ಬೆಳಿಗ್ಗೆ ಬರೆದು ಹಾಕಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿನ್ನೆ ಜೋಯಿಸರು ಎಂದಿನ ಹಾಗೆ ಹತ್ತು ಗಂಟೆಗೆ ಬಂದ್ರು. ಯಜಮಾನರನ್ನ ಮಾತಾಡಿಸಲಿಲ್ಲ. ನಿನ್ನ ಹೊಸ ಪಟ್ಟಿಯ ಕೆಳಗೆ, ಮಸಿಪೆನ್ನಿನಲ್ಲಿ, ಅವರ ಗುಂಡಗಿನ ಅಕ್ಷರದಲ್ಲಿ ಬರೆದ್ರು: "ಮಂಜುಶ್ರೀಯು ರಚಿಸಿದ ಈ ಗಣಿತವನ್ನು ಪರಿಶೀಲಿಸಿದ್ದೇನೆ. ಶುದ್ಧವಾಗಿದೆ. ಒಂದು ಕಡೆ ನನ್ನ ಗಣಿತವನ್ನೂ ತಿದ್ದಿದೆ." ಸಹಿ ಹಾಕಿ ತಾರೀಖು ಹಾಕಿದ್ರು. ಪಂಚಾಂಗದ ಕೊನೆಯ ಪುಟದಲ್ಲಿ ಗಣಿತ ಮಾಡಿದೋರ ಹೆಸರಿನ ಜೊತೆ ನಿನ್ನ ಹೆಸರೂ ಹಾಕಿಸಬೇಕು ಅಂತ ಅವರಿಗೆ ಆಸೆ ಇತ್ತು. ಶಿವಮೂರ್ತಪ್ಪನೋರು ಒಪ್ಪಲಿಲ್ಲ. ಫಾರಂ ಕಟ್ಟಿ ಆಗಿದೆ, ಇನ್ನು ಮೊಳೆ ಬಿಚ್ಚೋಕಾಗಲ್ಲ ಅಂದ್ರು. ಆ ಹಾಳೆ, ನಿನ್ನ ನೂರಾ ಹನ್ನೆರಡು ಸಾಲು, ಎರಡನ್ನೂ ಈ ಕಾಗದದ ಜೊತೆ ಇಟ್ಟಿದೀನಿ. ಅದನ್ನ ಉಳಿಸಿಟ್ಟಿದ್ದ ಫ್ಲಾಪಿ ಮಾತ್ರ ಯಜಮಾನರ ಬೀರುವಿಗೆ ಹೋಯ್ತು. ಹಾಳೆ ಸಾಕಲ್ವಾ, ನೀನು ಎಲ್ಲಿ ಬೇಕಾದ್ರೂ ಮತ್ತೆ ಟೈಪ್ ಮಾಡ್ಕೋಬಹುದು.

ನಾಳೆ ಹಬ್ಬ. ಎಳ್ಳು ಬೀರೋಕೆ ಅಕ್ಷರಾನ ಸೊಂಟದ ಮೇಲೆ ಕೂರಿಸ್ಕೊಂಡು ನೀನು ಬೀದಿ ಸುತ್ತೋದನ್ನ ನೆನೆಸ್ಕೊಳ್ತೀನಿ. ಅವಳು ನೂರು ಕಾಲ ಚೆನ್ನಾಗಿ ಬಾಳಲಿ, ನಿನ್ನ ಹಾಗೇ ಒಂದೂವರೆ ಪುಟದಲ್ಲಿ ಎಲ್ಲ ಮುಗಿಸೋಳಾಗಲಿ. ಶಿವರಾಜ್ ಅವರಿಗೂ ನಿಮ್ಮ ತಂದೆಯವರಿಗೂ ನನ್ನ ನಮಸ್ಕಾರ ಹೇಳು. ಉತ್ತರ ಬರೀಲೇಬೇಕು ಅಂತ ಕೇಳಲ್ಲ. ಬೈದು ಬರೆದ್ರೂ ಸಂತೋಷವೇ.

ನಿನ್ನ,
ಸುಬ್ಬಿ

ಮರೆತದ್ದು: ಮರೆತದ್ದಲ್ಲ. ಮೂರು ದಿನ ಬರೆದೂ ಇದೊಂದನ್ನ ತಪ್ಪಿಸ್ಕೊಂಡು ಬಂದಿದೀನಿ.

ಕಳೆದ ತಿಂಗಳು ಗಾಂಧಿ ಬಜಾರಿನಲ್ಲಿ ನಿಮ್ಮಮ್ಮ ಸಿಕ್ಕಿದ್ರು. ಲಿಂಗಮ್ಮನೋರು ನನ್ನ ಕೈ ಹಿಡ್ಕೊಂಡು ಬಹಳ ಹೊತ್ತು ಮಾತಾಡಿದ್ರು. ಪಕ್ಕದ ಕ್ವಾರ್ಟರ್ಸಿನ ಮಕ್ಕಳು ಲೆಕ್ಕ ಹೇಳಿಕೊಡಿ ಅಂತ ಬಂದ್ರೆ ನೀನು ಬಾಗಿಲಲ್ಲೇ ವಾಪಸ್ ಕಳಿಸ್ತೀಯಂತೆ. ಅಕ್ಷರಾಗೆ ಔಷಧಿ ಹಾಕುವಾಗ ಕೂಡ ಎಷ್ಟು ಹನಿ ಅಂತ ಶಿವರಾಜ್ ಹತ್ರ ಎರಡು ಸಲ ಕೇಳ್ತೀಯಂತೆ. "ಯಾಕೇ ಅಂದ್ರೆ, 'ನನ್ನ ತಲೆಗೆ ಲೆಕ್ಕ ಹತ್ತಲ್ಲಮ್ಮ, ಸುಬ್ಬಿನೇ ಹೇಳಿದಾಳೆ' ಅಂತಾಳೆ ಕಣಮ್ಮ. ನೀನು ಹಾಗೆ ಹೇಳಿದ್ಯಾ ಮಗ? ಕಾಲೇಜಿಗೇ ಫಸ್ಟ್ ಬಂದೋಳಲ್ವಾ ಅವಳು?" ಅಂತ ಕೇಳಿದ್ರು. ನನ್ನ ಮೇಲೆ ಒಂಚೂರೂ ಅನುಮಾನ ಇಲ್ಲದೇ ಕೇಳಿದ್ರು. ನಾನು ಬಸ್ಸಿಗೆ ಹೊತ್ತಾಯ್ತು ಅಂತ ಹೇಳಿ ಬಂದುಬಿಟ್ಟೆ.

ಹೇಳಿದ್ದೆ. ಆ ಪರೀಕ್ಷೆಯ ದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನೀನು ಕಿಟಕಿಯಿಂದ ಬಗ್ಗಿ, ತೊಡೆ ಮೇಲೆ ಆ ಪಟ್ಟಿಯ ಇನ್ನೊಂದು ಪ್ರತಿ ಇಟ್ಕೊಂಡು, "ಸುಬ್ಬಿ, ನನ್ನ ತಪ್ಪು ಎಲ್ಲಿತ್ತೇ?" ಅಂತ ಕೇಳಿದೆ. ನೀನು ಆ ಹಾಳೆ ನೋಡ್ತಾ ಕೂತಿದ್ರೆ ಬಸ್ಸು ಮಾಚೇನಹಳ್ಳಿ ದಾಟೋದ್ರೊಳಗೆ ನಿನಗೇ ಸಿಕ್ಕಿಬಿಡ್ತಿತ್ತು, ಮಾರನೇ ದಿನ ನೀನು ವಾಪಸ್ ಬರ್ತಿದ್ದೆ. ಅದಕ್ಕೇ ಅಂದೆ, "ಇನ್ನು ಹುಡುಕಬೇಡ ಮಾರಾಯ್ತಿ. ಇಷ್ಟು ಸೂಕ್ಷ್ಮದ ಲೆಕ್ಕ ಕೆಲವರ ತಲೆಗೆ ಹತ್ತೋದಿಲ್ಲ." ನೀನು ನನ್ನನ್ನ ನಂಬಿ ಹಾಳೆ ಮಡಚಿದೆ. ನಾನು ನೋಡ್ತಾ ನಿಂತಿದ್ದೆ.

ಕೆಲಸ ನಾನು ಏನು ಮಾಡಿದ್ರೂ ನಿನಗೆ ಸಿಗ್ತಿರಲಿಲ್ಲವಂತೆ, ಯಜಮಾನರೇ ಹೇಳಿದ್ರಲ್ಲ. ಆದ್ರೆ ಬಸ್ ಸ್ಟ್ಯಾಂಡಿನ ಆ ಮಾತನ್ನ ನನ್ನ ಕೈಲಿ ಯಾರೂ ಹೇಳಿಸಲಿಲ್ಲ. ಅದು ಸುಳ್ಳು. ನಿನಗೆ ಲೆಕ್ಕ ಬರುತ್ತೆ ಮಂಜು. ನಮ್ಮಿಬ್ಬರಲ್ಲಿ ಚೆನ್ನಾಗಿ ಬರ್ತಿದ್ದದ್ದು ನಿನಗೇ.